ಗಂಟಲಕ್ಕನಿಗೆ ಬಾಕಿ ಇರುವ ಕೋಣೆ

ನಮ್ಮ ಪಕ್ಷ ಗಂಟಲಕ್ಕನಿಗೆ ಒಂದು ಕೋಣೆ ಬಾಕಿ ಉಳಿಸಿಕೊಂಡಿದೆ. ಮನೆಯಲ್ಲ, ನಿವೇಶನವಲ್ಲ, ಬರೀ ಒಂದು ಕೋಣೆ. ಅದೂ ಅವಳ ಹೆಸರಿಗಲ್ಲ. ಅಂಗಿ ಕಾರ್ಖಾನೆಯ ಕಟಿಂಗ್ ವಿಭಾಗದ ಹಿಂದೆ, ಕಾರಿಡಾರಿನ ಕೊನೆಗೆ, ನೀಲಿ ಬಾಗಿಲಿನ ಕೋಣೆ. ಒಂದು ಕಿಟಕಿ, ಚಾವಣಿಯಲ್ಲಿ ತೊಟ್ಟಿಲು ಕಟ್ಟಲು ಕೊಕ್ಕೆಗಳ ಸಾಲು, ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಕೂರಿಸಿದ ಬೇಸಿನ್ನು. ಕೆಲಸಕ್ಕೆ ಬರುವ ತಾಯಂದಿರ ಹಸುಗೂಸುಗಳಿಗೆಂದು ಕಟ್ಟಿಸಿದ್ದು. ಧಣಿ ಪ್ರೀತಿ ಉಕ್ಕಿ ಕಟ್ಟಿಸಿದ್ದಲ್ಲ. ಒಂದು ಮಳೆಗಾಲ ಪೂರ್ತಿ ಗೇಟಿನ ಮುಂದೆ ಕೂತು, ಲಾಠಿ ತಿಂದು, ಹೆಂಗಸರು ಕಟ್ಟಿಸಿಕೊಂಡಿದ್ದು. ಮರುವರ್ಷವೇ ಅದಕ್ಕೆ ಬೀಗ ಬಿತ್ತು. ಈಗ ಒಳಗೆ ಗುಂಡಿ ತುಂಬಿದ ರಟ್ಟಿನ ಪೆಟ್ಟಿಗೆಗಳು ಮಲಗಿವೆ. ತೊಟ್ಟಿಲ ಕೊಕ್ಕೆಗಳಿಗೆ ದಾರದ ಚೀಲ ನೇತುಹಾಕಿದ್ದಾರೆ.

ಆ ಬೀಗ ತೆಗೆಸುತ್ತೇವೆಂದು ನಮ್ಮ ಪಕ್ಷ ಪ್ರತಿ ಚುನಾವಣೆಯಲ್ಲೂ ಮಾತು ಕೊಟ್ಟಿದೆ. ಕೊಟ್ಟದ್ದು ನಾಯಕರ ಬಾಯಿಂದಲ್ಲ, ಗಂಟಲಕ್ಕನ ಬಾಯಿಂದ. ನಾಯಕರಿಗೆ ಆ ಕೋಣೆ ಯಾವ ದಿಕ್ಕಿಗಿದೆ ಎಂದೂ ಗೊತ್ತಿಲ್ಲ. ಬಾಯಿ ಅವಳದು, ಮಾತು ಪಕ್ಷದ್ದು, ಮಾತು ತಪ್ಪಿದಾಗ ಜನ ಉಗಿಯುವುದು ಅವಳ ಮುಖಕ್ಕೆ. ಕಾರ್ಯಕರ್ತರೆಂದರೆ ಇಷ್ಟೇ. ಚುನಾವಣೆ ಬಂದಾಗ ನಾವು ಪಕ್ಷದ ಬೆನ್ನೆಲುಬು, ಮುಗಿದ ಮರುದಿನ ಪಕ್ಷದ ಚಪ್ಪಲಿ. ಹೊಸ್ತಿಲಾಚೆ ಬಿಟ್ಟು ಒಳಗೆ ಹೋಗುತ್ತಾರೆ.

ಗಂಟಲಕ್ಕ ಹುಟ್ಟಾ ಗಂಟಲಿನವಳಲ್ಲ. ಮೀಸೆ ಚಿಗುರದ ಹುಡುಗರೂ ಹೆದರಿಸುವಂಥ ವಯಸ್ಸಿನಲ್ಲಿ ಆ ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿದಾಗ ಬೆಕ್ಕಿನ ಮರಿ ಹಾಗೆ ಮಾತಾಡುತ್ತಿದ್ದಳಂತೆ. ಹೆಲ್ಪರ್ ಕೆಲಸವೆಂದರೆ ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಮಿಷನ್ನಿನಿಂದ ಮಿಷನ್ನಿಗೆ ಹೊತ್ತು ಕೊಡುವುದು. ಹಾಲ್ ತುಂಬ ಗಡಗಡ ಸದ್ದು. ಹೊಲಿಯುವ ಹೆಂಗಸರು ಸೂಜಿಯಿಂದ ಕಣ್ಣು ಕೀಳುವಂತಿಲ್ಲ. ಹಾಗಾಗಿ ಕಟ್ಟು ಹೊತ್ತವಳು ಕೂಗಿ ಕೇಳಬೇಕು, “ಕಾಲರ್ ಯಾರಿಗೆ?” ಬೇಕಾದವಳು ತಲೆ ಎತ್ತದೆ ಕೂಗಬೇಕು, “ನನಗೆ! ನನಗೆ!” ಎರಡು ಸಲ. ಒಂದು ಸಲ ಹೇಳಿದ್ದು ಗದ್ದಲದಲ್ಲಿ ಮುಳುಗುತ್ತದೆ, ಎರಡನೆಯದು ಕಿವಿಗೆ ಮುಟ್ಟುತ್ತದೆ. ಹೀಗೆ ಕೂಗಿ ಕೂಗಿ ಬೆಕ್ಕಿನ ಮರಿಯ ಗಂಟಲು ರೈಲಿನ ಸೀಟಿಯಾಯಿತು.

ಕೋಣೆಗೆ ಬೀಗ ಬಿದ್ದ ವರ್ಷ ಮತ್ತೆ ಗೇಟಿನ ಮುಂದೆ ಕೂತೆವು. ಹೊರಗಿನಿಂದ ಬಂದ ನಮ್ಮಂಥವರು ಉದ್ದುದ್ದ ಘೋಷಣೆ ಬರೆದುಕೊಂಡು ಹೋಗಿದ್ದೆವು. ಯಾವ ಹೆಂಗಸೂ ಬಾಯಿ ಬಿಡಲಿಲ್ಲ. ಆಗ ಇವಳು ಎದ್ದು ನಿಂತು, ಹೊಲಿಗೆ ಹಾಲ್‌ನಲ್ಲಿ ಕೂಗುತ್ತಿದ್ದ ಅದೇ ವರಸೆಯಲ್ಲಿ ಕೂಗಿದಳು.

“ಅಂಗಿ ಹೊಲಿದದ್ದು ಯಾರು?”

“ನಾವು! ನಾವು!”

“ಬೀಗ ಹಾಕಿದ್ದು ಯಾರು?”

“ಧಣಿ! ಧಣಿ!”

“ಬೀಗ ಒಡೆಯೋದು ಯಾರು?”

“ನಾವು! ನಾವು!”

ಕಾರ್ಖಾನೆ ನಡುಗಿತು ಅನ್ನುವುದು ಬರೆಯುವವರ ಚಟ. ಕಾರ್ಖಾನೆ ನಡುಗಲಿಲ್ಲ. ಪೊಲೀಸರು ಬಂದರು, ಲಾಠಿ ಬೀಸಿದರು, ಗಂಟಲಕ್ಕನ ಮುಂದಿನ ಹಲ್ಲು ಗೇಟಿನ ಹತ್ತಿರ ಬಿತ್ತು. ಕೆಲಸವೂ ಹೋಯಿತು. ಅವತ್ತಿನಿಂದ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಾಳೆ. ಬೆರಳ ಸಂದಿಯಲ್ಲಿ ಸೋಪು ತಿಂದ ಬಿಳಿ ಗಾಯ ಮಾಯುವುದೇ ಇಲ್ಲ. ಆದರೆ ಆ ಮೂರು ಪ್ರಶ್ನೆ ಉಳಿದವು. ನಮ್ಮ ಪಕ್ಷದ ಎಲ್ಲ ಸಭೆಯಲ್ಲೂ, ಎಲ್ಲ ಮೆರವಣಿಗೆಯಲ್ಲೂ ಅವಳು ಕೇಳಿದಳು, ಕಾರ್ಖಾನೆ ಹೆಂಗಸರು ಉತ್ತರ ಕೊಟ್ಟರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಮಿಷನ್ನಿಗೆ ದಾರ ಪೋಣಿಸುವುದಕ್ಕಿಂತ ಮೊದಲು ಆ ಉತ್ತರ ಬರುತ್ತಿತ್ತು.

ಅವಳ ಗಂಡನನ್ನು ನಾವು ಮೈಕ್ ಭಾವ ಅನ್ನುತ್ತೇವೆ. ಧ್ವನಿವರ್ಧಕ ಬಾಡಿಗೆಗೆ ಕೊಡುವವನು. ಮದುವೆ, ಸಾವು, ಚುನಾವಣೆ, ಯಾವುದಾದರೂ ಸರಿ. “ನನಗೆ ಪಕ್ಷ ಇಲ್ಲ, ವೈರ್ ಇದೆ” ಅನ್ನುವುದು ಅವನ ಮಾತು. ಇವರಿಗೆ ಒಬ್ಬಳೇ ಮಗಳು. ಅವಳೂ ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ತಾಯಿಯ ಹಲ್ಲು ಬಿದ್ದ ಗೇಟಿನಲ್ಲೇ ಮಗಳು ದಿನಾ ಬೆಳಿಗ್ಗೆ ಬೆರಳಚ್ಚು ಒತ್ತಿ ಒಳಗೆ ಹೋಗುತ್ತಾಳೆ. ಊರಲ್ಲಿ ಬೇರೆ ಕೆಲಸವಿಲ್ಲ. ಅವಳ ಗಂಡ ಲಾರಿಯ ಜೊತೆ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ.

ಮಗಳಿಗೆ ಮಗುವಾಯಿತು. ಹೆಣ್ಣು. ಹೆರಿಗೆ ರಜೆ ಮುಗಿದ ಮೇಲೆ ಕೂಸನ್ನು ಎಲ್ಲಿಡುವುದು? ಬೆಳಿಗ್ಗೆ ಗಂಟಲಕ್ಕ ಕ್ಯಾಂಟೀನಿನ ತೊಟ್ಟಿಯ ಪಕ್ಕ ಮಲಗಿಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ಊಟದ ಗಂಟೆಗೆ ಗೇಟಿಗೆ ಎತ್ತಿಕೊಂಡು ಹೋಗುತ್ತಿದ್ದಳು. ಗೇಟಿನ ಕಾವಲುಗಾರ ಒಳ್ಳೆಯವನೋ ಸೋಮಾರಿಯೋ, ಕಂಡೂ ಕಾಣದ ಹಾಗೆ ಇರುತ್ತಿದ್ದ. ಮಗಳು ಅವನ ಗೂಡಿನ ಮರೆಯಲ್ಲಿ ಕೂತು, ಒಂದು ಕೈಯಲ್ಲಿ ತನ್ನ ಬುತ್ತಿ ತಿನ್ನುತ್ತ, ಕೂಸಿಗೆ ಹಾಲು ಕುಡಿಸಿ ಓಡುತ್ತಿದ್ದಳು. ಅಷ್ಟರಲ್ಲಿ ರಾಜ್ಯದ ಚುನಾವಣೆ ಘೋಷಣೆಯಾಯಿತು. ಗೇಟಿಗೆ ಒಂದು ಚೀಟಿ ಅಂಟಿತು. ಚುನಾವಣೆ ಮುಗಿಯುವವರೆಗೆ ಗೇಟಿನ ಬಳಿ ಗುಂಪು ಸೇರುವಂತಿಲ್ಲ. ಒಬ್ಬಳು ಅಜ್ಜಿ, ಒಂದು ಮೊಲೆಗೂಸು, ಒಬ್ಬಳು ತಾಯಿ. ಇವರು ಗುಂಪು.

ಅವತ್ತಿನಿಂದ ಮಗಳ ಎದೆ ಕಟ್ಟತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅಂಗಿಯ ಮುಂಭಾಗ ಒದ್ದೆ. ಪಾಯಿಖಾನೆಗೆ ಹೋಗಿ, ಒಂದು ಕೈಯಲ್ಲಿ ಚಿಲಕವಿಲ್ಲದ ಬಾಗಿಲು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹಾಲು ಹಿಂಡಿ ನೀರು ಸುರಿದು ಬರುತ್ತಿದ್ದಳು. ಕೂಸಿಗೆ ಡಬ್ಬಿ ಪುಡಿ. ಅದು ಒಗ್ಗದೆ ಭೇದಿ. ಸೂಪರ್‌ವೈಸರ್ ಒಂದು ದಿನ ಅವಳ ಮಿಷನ್ ಪಕ್ಕ ನಿಂತು ಹೇಳಿದ: “ಕಾಲರ್ ಮೇಲೆ ಕಲೆ ಬೀಳ್ತಿದೆಯಮ್ಮ. ಕೂಸಾ, ಕೆಲಸಾ, ಯಾವುದಾದ್ರೂ ಒಂದು ತೀರ್ಮಾನ ಮಾಡ್ಕೋ.” ಅದೇ ಕಾರಿಡಾರಿನ ಕೊನೆಗೆ ನೀಲಿ ಬಾಗಿಲು. ಅದರೊಳಗೆ ಗುಂಡಿಗಳು ತಣ್ಣಗೆ ನೆರಳಲ್ಲಿ ನಿದ್ದೆ ಮಾಡುತ್ತಿದ್ದವು.

“ಈ ಸಲ ನಮ್ಮೋರು ಗೆದ್ರೆ ಮೊದಲು ಆ ಬೀಗ ತೆಗೆಸ್ತೀನಿ,” ಅಂದಳು ಗಂಟಲಕ್ಕ. ಕ್ಯಾಂಟೀನಿನ ತಟ್ಟೆ ಒರೆಸಿಟ್ಟು, ಸೊಂಟಕ್ಕೆ ಪಕ್ಷದ ಟವೆಲ್ ಬಿಗಿದು ಕೆಲಸಕ್ಕೆ ಇಳಿದಳು. ನಾವೂ ಇಳಿದೆವು. ಮೈದಾ ಅಂಟು ಕುದಿಸುವುದು, ಬಾವುಟ ಹಗ್ಗಕ್ಕೆ ಪೋಣಿಸುವುದು, ಬೀದಿ ಬೀದಿ ತಿರುಗುವುದು. ಅಭ್ಯರ್ಥಿ ಯಾರೆಂದು ಇನ್ನೂ ಗೊತ್ತಿರಲಿಲ್ಲ. ನಮ್ಮಂಥ ಕತ್ತೆಗಳಿಗೆ ಅದು ಗೊತ್ತಾಗುವುದು ಯಾವತ್ತೂ ಕೊನೆಗೇ.

ನಮ್ಮ ಪಕ್ಷದ ಕಚೇರಿ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಾಳಿಗೆ. ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಕೂರಿಸಿ ಒಂದು ಗಟ್ಟಿ ಕುರ್ಚಿ ಮಾಡಿಕೊಂಡಿದ್ದೇವೆ. ಅದರಲ್ಲಿ ಕೂರುವವನು ವಾರ್ಡ್ ಕಾರ್ಯದರ್ಶಿ. ಒಂದು ಕಾಲದಲ್ಲಿ ಸಭೆಗೆ ಕುರ್ಚಿ ಹಾಕುವುದು ಅವನ ಕೆಲಸ, ಹಾಗಾಗಿ ಅವನ ಹೆಸರೇ ಕುರ್ಚಿ. ಗಂಟಲಕ್ಕನ ಬಾವುಟದ ಗಂಟು ಹೊತ್ತು, ಅವಳಿಂದ ಕೂಗಲು ಕಲಿತವನು. ಒಂದು ಬೆಳಿಗ್ಗೆ ನಾವು ಅಂಟು ಕಲಸುತ್ತಿದ್ದಾಗ ಅವನು ಫೋನಿನಿಂದ ತಲೆ ಎತ್ತಿ, “ಟಿಕೆಟ್ ಆಯ್ತು,” ಅಂದ.

“ಯಾರಿಗೋ?” ಅಂದಳು ಗಂಟಲಕ್ಕ.

“ಗೆಲ್ಲೋರಿಗೆ.”

“ಗೆಲ್ಲೋರಿಗೆ ಹೆಸರಿಲ್ವೇನೋ?”

ಅವನು ಮತ್ತೆ ಫೋನಿನೊಳಗೆ ಇಳಿದು ಹೇಳಿದ, “ಧಣಿಗೆ.”

“ಯಾವ ಧಣಿ?” ಊರಲ್ಲಿ ಇನ್ನೊಬ್ಬ ಧಣಿ ಇರಲಿ ಎಂದು ಬೇಡಿಕೊಳ್ಳುವ ಹಾಗೆ ಕೇಳಿದಳು.

“ಅಂಗಿ ಧಣಿ ಕಣಕ್ಕಾ. ನಿನ್ನೆ ಪಕ್ಷ ಸೇರಿದ್ರು. ಮನುಷ್ಯ ತುಂಬಾ ಬದಲಾಗಿದ್ದಾರೆ.”

“ನಿನ್ನೆ ಸೇರಿ ತುಂಬಾ ಬದಲಾಗಿದ್ದು ಯಾವಾಗ? ಮಧ್ಯಾಹ್ನ ಊಟ ಆದ್ಮೇಲಾ?”

ನಾವು ನಕ್ಕೆವು. ಕುರ್ಚಿ ನಗಲಿಲ್ಲ.

“ದೊಡ್ಡೋರ ಲೆಕ್ಕಾಚಾರ ನಮಗೆ ಅರ್ಥ ಆಗಲ್ಲ ಅಕ್ಕಾ.”

“ಬೇಡ ಬಿಡು. ಅವನ ಗೇಟಲ್ಲಿ ನನ್ನ ಹಲ್ಲು ಬಿದ್ದಿತ್ತು. ಹುಡುಕಿ ತಂದುಕೊಡೋಕೆ ಹೇಳು. ಆಮೇಲೆ ಅವನ ಹೆಸರು ಕೂಗ್ತೀನಿ.” ಟವೆಲ್ ಬಿಚ್ಚಿ ಅಂಟಿನ ಬಕೆಟ್ಟಿನೊಳಗೆ ಹಾಕಿ, ಮೆಟ್ಟಿಲಿಳಿದು ಹೋದಳು.

ಉಳಿದ ನಾವು? ಥೂ ಎಂದು ಉಗಿದೆವು. ಉಗಿದು, ಬಾಯಿ ಒರೆಸಿಕೊಂಡು, ಆ ಟವೆಲನ್ನು ಹಿಂಡಿ ಬದಿಗಿಟ್ಟು, ಅದೇ ಅಂಟಿನಲ್ಲಿ ಧಣಿಯ ಮುಖ ಅಂಟಿಸಲು ಹೋದೆವು. “ಪಕ್ಷ ದೊಡ್ಡದು, ವ್ಯಕ್ತಿ ಅಲ್ಲ” ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು. ಕಾರ್ಖಾನೆಯ ಎದುರಿನ ಗೋಡೆಯ ಮೇಲೆ ನಾವೇ ಬರೆದ ‘ಬೀಗ ತೆಗೆ’ ಇನ್ನೂ ಮಾಸಿರಲಿಲ್ಲ. ಅದರ ಮೇಲೆ ಅವನ ಹಲ್ಲುಗಿಂಜಿದ ಮುಖ ಕೂತಿತು. ಪೋಸ್ಟರು ತೆಳ್ಳಗಿತ್ತು. ಬಿಸಿಲು ಬಿದ್ದಾಗ ಅವನ ಕೆನ್ನೆಯ ಮೇಲೆ ಹಳೆಯ ಅಕ್ಷರ ಕಾಣುತ್ತಿತ್ತು. ಮೇಲಿನಿಂದ ಇನ್ನೊಂದು ಪದರ ಅಂಟಿಸಿ ಅಂತ ಆಜ್ಞೆ ಬಂತು. ಅಂಟಿಸಿದೆವು. ಆ ಅಂಟಿನ ಹುಳಿ ವಾಸನೆ ಈಗಲೂ ನನ್ನ ಕೈಯಿಂದ ಹೋಗಿಲ್ಲ.

ಧಣಿಗೆ ಒಂದು ತೊಂದರೆ ಎದುರಾಯಿತು. ಓಟು ಹೇಗೂ ಬೀಳುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅವನ ಸಭೆಗಳಿಗೆ ಕಾರ್ಖಾನೆ ಹೆಂಗಸರನ್ನು ಬಸ್ಸಿನಲ್ಲಿ ತುಂಬಿ ತಂದರು. ಬಂದವರು ಬಾಯಿ ಬಿಡಲಿಲ್ಲ. ಧ್ವನಿಮುದ್ರಿಸಿದ ಘೋಷಣೆ ಹಾಕಿದರು, ಮೀನುಗಳ ಹಾಗೆ ನೋಡುತ್ತ ಕೂತರು. ಟೀವಿಯವರ ಮುಂದೆ ಸತ್ತ ಮನೆ ಹಾಗೆ ಕಂಡಿತು. ಆಗ ಕುರ್ಚಿಗೆ ತನ್ನ ಅಕ್ಕನ ನೆನಪಾಯಿತು.

ಗಂಟಲಕ್ಕನ ಮನೆ ಕ್ಯಾಂಟೀನಿನ ಹಿಂದಿನ ಗೋಡೆಗೆ ಒರಗಿದ ಒಂಟಿ ಕೋಣೆ. ಮೂರು ಪಾಲು ಜಾಗ ಮೈಕ್ ಭಾವನ ಸಾಮಾನಿಗೆ, ಒಂದು ಪಾಲು ಮನುಷ್ಯರಿಗೆ. ಹಳೆಯ ಸ್ಪೀಕರ್ ಪೆಟ್ಟಿಗೆಯೊಂದರ ಹೊಟ್ಟೆ ಬಗೆದು, ಒಳಗೆ ಹಳೆ ಬಟ್ಟೆ ಹಾಸಿ ಕೂಸಿಗೆ ತೊಟ್ಟಿಲು ಮಾಡಿದ್ದರು. ಮತದಾರರ ಚೀಟಿಗಳ ಚೀಲ ಅವಳ ಮನೆಯಲ್ಲೇ ಉಳಿದಿತ್ತು, ಅದನ್ನು ತರಲು ನಾನು ಹೋಗಿದ್ದೆ. ಕುರ್ಚಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಬಂದ.

“ಅಕ್ಕಾ, ನೀವು ಬೇಜಾರು ಮಾಡ್ಕೋಬಾರದು.”

“ಏನಪ್ಪಾ, ನೀವು ಗೀವು ಅಂತ ಶುರು ಮಾಡಿದ್ದೀಯ? ಯಾವ ಹೊಲಸು ಹೊತ್ತು ತಂದಿದ್ದೀಯ, ಇಳಿಸು.”

ಅವನು ಜೇಬಿನಿಂದ ಒಂದು ಬೀಗದ ಕೈ ತೆಗೆದು ನೆಲದ ಮೇಲಿಟ್ಟ. ಅದರ ತಲೆಗೆ ನೀಲಿ ಬಣ್ಣ ಮೆತ್ತಿತ್ತು. ಬಾಗಿಲಿಗೆ ಬಣ್ಣ ಹೊಡೆದ ದಿನ ಅವಳೇ ಗುರುತಿಗೆ ಹಚ್ಚಿದ್ದು. ಗಂಟಲಕ್ಕ ಅದನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದಳು.

“ಕೊನೆ ಸಭೆ ಅಕ್ಕಾ. ನೀವು ಬಂದು ಕೂಗಿ. ಹೆಂಗಸರು ಉತ್ತರ ಕೊಡ್ಲಿ. ಸಭೆ ಮುಗಿದ ತಕ್ಷಣ ಈ ಬೀಗದ ಕೈ ನಿಮ್ಮ ಕೈಗೆ. ಧಣಿಗಳೇ ಮಾತು ಕೊಟ್ಟಿದ್ದಾರೆ. ಮಾರನೇ ದಿನದಿಂದ ನಿಮ್ಮ ಮೊಮ್ಮಗು ಆ ಕೋಣೇಲಿ.”

“ಅವನ ಮಾತು! ಅದನ್ನ ನಾಯಿಗೆ ಹಾಕಿದ್ರೆ ನಾಯೀನೂ ಮೂಸಲ್ಲ.”

“ಮಾತು ನಂಬಬೇಡಿ, ಕಬ್ಬಿಣ ನಂಬಿ. ಕೈಯಲ್ಲೇ ಇದೆಯಲ್ಲ,” ಎಂದು ಹೇಳಿ ಅದನ್ನು ಅವಳ ಅಂಗೈಯಿಂದ ಮೆಲ್ಲಗೆ ಎತ್ತಿ ತನ್ನ ಜೇಬಿಗೆ ಹಾಕಿಕೊಂಡ.

ಮೂಲೆಯಲ್ಲಿ ವೈರು ಸುಲಿಯುತ್ತಿದ್ದ ಮೈಕ್ ಭಾವ ಬಾಯಿ ಹಾಕಿದ. “ಕೂಗಿದ್ರೆ ಏನೇ ಆಗುತ್ತೆ? ನಾನು ಎಲ್ಲಾ ಪಕ್ಷಕ್ಕೂ ಮೈಕ್ ಕೊಡ್ತೀನಿ. ನನ್ನ ಮೈಕ್ ಯಾವತ್ತೂ ವಾಂತಿ ಮಾಡ್ಕೊಂಡಿಲ್ಲ.”

“ನಿಮ್ಮ ಮೈಕಿಗೆ ಹೊಟ್ಟೆ ಇಲ್ಲ ಕಣ್ರೀ.”

ಆಗಷ್ಟೇ ಪಾಳಿ ಮುಗಿಸಿ ಬಂದ ಮಗಳು ಕೂಸನ್ನು ಪೆಟ್ಟಿಗೆಯಿಂದ ಎತ್ತಿ, ಗೋಡೆ ಕಡೆ ತಿರುಗಿ ಕೂತಿದ್ದಳು. ತಿರುಗದೆಯೇ ಹೇಳಿದಳು, “ಕೂಗು ಅಮ್ಮ.”

“ನಿನಗೆ ಹೇಸಿಗೆ ಆಗಲ್ವೇನೇ?”

“ದಿನಾ ಪಾಯಿಖಾನೇಲಿ ನಿಂತು ನನ್ನ ಮಗೂ ಹಾಲು ಹಿಂಡಿ ಚೆಲ್ತೀನಿ. ಅದಕ್ಕಿಂತ ಹೇಸಿಗೆ ಯಾವುದಿದೆ, ತೋರಿಸು. ನಿನ್ನ ಗಂಟಲು ಒಂದು ಸಂಜೆ ಕೊಳೆ ಆದ್ರೆ ಬಾಯಿ ಮುಕ್ಕಳಿಸ್ಕೊ. ನಿನ್ನ ಮರ್ಯಾದೆ ಇವಳ ಭೇದಿ ನಿಲ್ಲಿಸಲ್ಲ.”

ಗಂಟಲಕ್ಕ ನನ್ನ ಮುಖ ನೋಡಿದಳು. ನಾನು ಚೀಟಿಗಳ ಚೀಲದ ಬಾಯಿ ಕಟ್ಟತೊಡಗಿದೆ. ಅವಳು ಕುರ್ಚಿಗೆ, “ಏನು ಕೂಗಬೇಕೋ ಬೊಗಳು,” ಅಂದಳು.

ಅವನು ಮಡಿಸಿದ ಹಾಳೆ ಬಿಡಿಸಿ ಓದಿದ. “ಅಭಿವೃದ್ಧಿಯ ಹರಿಕಾರ, ಜನಮನದ ಸರದಾರ, ಸಮೃದ್ಧ ನಾಳೆಯ ನಿರ್ಮಾತೃ, ಕಾರ್ಮಿಕ ಬಂಧು...”

“ನಿಲ್ಸು ನಿಲ್ಸು. ಇದನ್ನ ಕೂಗೋಕೆ ನಂಗೆ ಇನ್ನೊಂದು ಜೊತೆ ಶ್ವಾಸಕೋಶ ತಂದುಕೊಡು. ಜನ ಬಾಯಿ ಹಾಕೋಕೆ ಇದ್ರಲ್ಲಿ ಎಲ್ಲಿದೆಯೋ ಸಂದಿ?” ಕೆಲಸ ಕೊಳಕಾದರೂ ಕೈಗೆತ್ತಿಕೊಂಡ ಮೇಲೆ ಅವಳು ಸರಿಯಾಗಿಯೇ ಮಾಡುವವಳು. ಅಲ್ಲೇ ಕೂತು, ಹಾಳೆಯನ್ನು ಪಕ್ಕಕ್ಕೆ ತಳ್ಳಿ, ತನಗೆ ಗೊತ್ತಿದ್ದ ಒಂದೇ ವರಸೆಗೆ ಹೊಸ ಮಾತು ಕೂರಿಸಿದಳು. ಊರು ಬೆಳೆಸಿದ್ದು ಯಾರು, ಧಣಿ ಧಣಿ. ಕೆಲಸ ಕೊಟ್ಟಿದ್ದು ಯಾರು, ಧಣಿ ಧಣಿ. ಗೆದ್ದು ಬರೋದು ಯಾರು, ಧಣಿ ಧಣಿ. ಕುರ್ಚಿಯ ಮುಖ ಅರಳಿತು. ಮರುದಿನ ತಟ್ಟೆ ತೊಳೆಯುವಾಗ ಅದನ್ನೇ ಗೊಣಗುತ್ತಿದ್ದಳು. ಪ್ರತಿ ಸಲ ‘ಧಣಿ’ ಬಂದಾಗ ತೊಟ್ಟಿಯೊಳಗೆ ಉಗಿಯುತ್ತಿದ್ದಳು. ಕ್ಯಾಂಟೀನಿನವನು, “ಅಮ್ಮಾ, ತಟ್ಟೆ ಇದೆ ಅದರಲ್ಲಿ!” ಎಂದು ಬೈದ.

ಕೊನೆಯ ಸಭೆ ಬಸ್ ಡಿಪೋ ಪಕ್ಕದ ಮೈದಾನದಲ್ಲಿ. ನಾವು ಬೆಳಗಿನಿಂದ ಕುರ್ಚಿ ಹಾಕಿದೆವು, ಬಾವುಟ ಕಟ್ಟಿದೆವು, ಮೈಕ್ ಭಾವನ ಜೊತೆ ಕಂಬ ಹತ್ತಿದೆವು. ಮಧ್ಯಾಹ್ನದ ಪಾಳಿ ಅರ್ಧಕ್ಕೆ ನಿಲ್ಲಿಸಿ ಹೆಂಗಸರನ್ನು ಬಸ್ಸುಗಳಲ್ಲಿ ತಂದರು. ಇಳಿದವರ ಹೆಸರನ್ನು ಸೂಪರ್‌ವೈಸರುಗಳು ಬಾಗಿಲಲ್ಲೇ ನಿಂತು ಕೂಗಿ ಹಾಜರಿ ಹಾಕಿದರು. ಬಾರದವರಿಗೆ ಗೈರುಹಾಜರಿ. ಎಲ್ಲರ ತಲೆಗೂ ಧಣಿಯ ಮುಖವಿದ್ದ ಕಾಗದದ ಟೋಪಿ. ಬೆವರಿಗೆ ಬಣ್ಣ ಇಳಿದು, ಹೆಂಗಸರ ಹಣೆಯ ಮೇಲೆ ಅವನ ಮೀಸೆ ಕರಗಿ ಹರಿಯಿತು. ಮುಂದಿನ ಸಾಲಿನಲ್ಲಿ ಗಂಟಲಕ್ಕನ ಮಗಳು, ಮಡಿಲಲ್ಲಿ ಕೂಸು. ಸಭೆಗೆ ಕೂಸು ತರಲು ಅಡ್ಡಿಯಿರಲಿಲ್ಲ. ಗೇಟಿಗೆ ತಂದರೆ ಮಾತ್ರ ಗುಂಪು.

ಧಣಿ ವೇದಿಕೆ ಹತ್ತಿದ. ಮೈಕಿನ ಬಳಿ ನಿಂತಿದ್ದ ಗಂಟಲಕ್ಕನ ಮುಂದೆ ಬಂದು ಭುಜ ತಟ್ಟಿದ. “ಏನಮ್ಮಾ, ಗಂಟಲು ಸರಿಯಾಗಿದೆಯಾ? ಬಿಸಿನೀರು ಕುಡಿದ್ಯಾ?” ಅವನಿಗೆ ಅವಳ ಗುರುತೇ ಹತ್ತಲಿಲ್ಲ. ಇವಳ ಬಾಯಲ್ಲಿ ಅವನು ಮಾಡಿಸಿದ ಕಿಂಡಿ ಇನ್ನೂ ತೆರೆದೇ ಇತ್ತು. ಅದನ್ನು ನೋಡಿಕೊಂಡೇ ನಕ್ಕು, ಹೋಗಿ ಕೂತ. ಅವನ ಹಿಂದೆ ನಿಂತ ಕುರ್ಚಿ ತನ್ನ ಜೇಬು ತಟ್ಟಿ ತೋರಿಸಿದ. ಬೀಗದ ಕೈ ಅಲ್ಲೇ ಇದೆ ಎಂದು.

ಗಂಟಲಕ್ಕ ಶುರು ಮಾಡಿದಳು. ಅರ್ಧ ಗಂಟಲಲ್ಲಿ.

“ಊರು ಬೆಳೆಸಿದ್ದು ಯಾರು?”

“ಧಣಿ... ಧಣಿ...” ಅವಳ ಮುಖ ನೋಡಿ ಹೆಂಗಸರು ಬಾಯಿ ಬಿಟ್ಟರು. ಆದರೆ ಜ್ವರ ಬಂದವರ ಹಾಗೆ.

“ಕೆಲಸ ಕೊಟ್ಟಿದ್ದು ಯಾರು?”

“ಧಣಿ...”

ಒಂದು ಸುತ್ತು ಮುಗಿಯಿತು. ಎರಡು ಸುತ್ತು. ಕುರ್ಚಿ ಹಿಂದಿನಿಂದ, “ಜೋರಾಗಿ ಅಕ್ಕಾ, ಜೋರಾಗಿ!” ಎಂದು ಹಲ್ಲು ಕಡಿದ. ಇಲ್ಲೊಂದು ವಿಷಯ ಹೇಳಬೇಕು. ಘೋಷಣೆ ಕೂಗುವವರಿಗೆ ಸತ್ತ ಉತ್ತರ ತಡೆದುಕೊಳ್ಳಲು ಆಗುವುದಿಲ್ಲ. ಯಾರ ಪರವಾಗಿ ಕೂಗಲಿ, ಎದುರಿನ ಜನ ಸಪ್ಪೆಯಾದರೆ ಮೈಯೆಲ್ಲ ಉರಿಯುತ್ತದೆ. ಅದು ಕಸುಬಿನ ರೋಗ. ಗಂಟಲಕ್ಕನಿಗೂ ಉರಿಯಿತು. ಸಭೆಗೆಂದು ಮತ್ತೆ ಕೊಟ್ಟಿದ್ದ ಪಕ್ಷದ ಟವೆಲ್ ಬಿಗಿದು, ಕಾಲು ಅಗಲಿಸಿ ನಿಂತು, ಹೊಟ್ಟೆಯಿಂದ ಪೂರ್ತಿ ಗಂಟಲು ತೆರೆದಳು. ಅರ್ಧ ಗಂಟಲಿಗೆ ಹೊಸ ಮಾತು ಬರುತ್ತಿತ್ತು. ಪೂರ್ತಿ ಗಂಟಲಿಗೆ ಗೊತ್ತಿದ್ದದ್ದು ಹಳೆಯದೊಂದೇ.

“ಬೀಗ ಹಾಕಿದ್ದು ಯಾರು?”

“ಧಣಿ! ಧಣಿ!”

ಜ್ವರ ಬಿಟ್ಟುಹೋಯಿತು. ಇಡೀ ಮೈದಾನ ಒಂದೇ ಬಾಯಿ. ಡಿಪೋದ ತಗಡಿನ ಚಾವಣಿಯ ಮೇಲಿನ ಹಕ್ಕಿಗಳು ಎದ್ದು ಹಾರಿದವು. ಹೆಂಗಸರಿಗೂ ಏನಾಯಿತೆಂದು ಆ ಗಳಿಗೆಯಲ್ಲಿ ಗೊತ್ತಿರಲಿಲ್ಲ. ಪ್ರಶ್ನೆ ಬಂತು, ಉತ್ತರ ಹೋಯಿತು. ಧಣಿಗೆ ಕೇಳಿಸಿದ್ದು ತನ್ನ ಹೆಸರು ಮಾತ್ರ. ಎದ್ದು ನಿಂತು, ಎರಡೂ ಕೈ ಎತ್ತಿ ಬೀಸಿದ. ಬೀಗ ಹಾಕಿದವನು ನಾನೇ ನಾನೇ ಎಂದು ಹಲ್ಲು ಬಿಟ್ಟುಕೊಂಡು ಬೀಸಿದ.

ಗಂಟಲಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ಮೂರನೆಯ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ. ಕೆಳಗಿನ ಸಾಲಿನಿಂದ ಯಾವಳೋ ಕೇಳಿದಳು, “ಬೀಗ ಒಡೆಯೋದು ಯಾರು?” “ನಾವು! ನಾವು!” ಎಂದು ಮೈದಾನ ಕೂಗಿತು. ಕುರ್ಚಿ, “ಮೈಕ್ ಆಫ್ ಮಾಡ್ರೋ!” ಎಂದು ಅರಚಿದ. ಮೈಕ್ ಭಾವ ಆಫ್ ಮಾಡಿದ. ಮೈಕ್ ಯಾರಿಗೆ ಬೇಕಿತ್ತು? ಸೂಪರ್‌ವೈಸರುಗಳು ಸಾಲಿನೊಳಗೆ ನುಗ್ಗಿ ಹಾಜರಿ ಪಟ್ಟಿ ತೋರಿಸಿ ಹೆದರಿಸುವವರೆಗೂ ಅದು ನಡೆಯಿತು. ಮುಂದಿನ ಸಾಲಿನಲ್ಲಿ ಒಬ್ಬಳು ಮಾತ್ರ ಕೂಗದೆ ಕೂತಿದ್ದಳು. ಗಂಟಲಕ್ಕನ ಮಗಳು. ಅವಳ ಕಣ್ಣು ಕುರ್ಚಿಯ ಜೇಬಿನ ಮೇಲೆ ಇತ್ತು.

ಮರುದಿನ ಆ ವಿಡಿಯೋ ಎಲ್ಲರ ಫೋನಿನಲ್ಲಿ. ಧಣಿ ಕೈ ಬೀಸುವ ತುಣುಕನ್ನು ಮತ್ತೆ ಮತ್ತೆ ತಿರುಗಿಸಿ, ಹಾಡು ಸೇರಿಸಿ ಹಂಚಿದರು. ನಮ್ಮವರು ಅವಳನ್ನು ‘ಮಾರಿಕೊಂಡವಳು’ ಅಂದರು. ಎದುರು ಪಕ್ಷದವರು ‘ವೀರ ಮಹಿಳೆ’ ಅಂದರು, ಅವಳನ್ನು ಒಂದು ಮಾತೂ ಕೇಳದೆ ಅವಳ ಮುಖವನ್ನು ತಮ್ಮ ಕರಪತ್ರದಲ್ಲಿ ಅಚ್ಚು ಹಾಕಿದರು. ಅವರ ಸರ್ಕಾರವಿದ್ದಾಗಲೇ ಲಾಠಿ ಬೀಸಿದ್ದು ಎಂಬುದು ಕರಪತ್ರದಲ್ಲಿ ಇರಲಿಲ್ಲ. ಒಬ್ಬ ಪುಢಾರಿ ಕ್ಯಾಮೆರಾದವನನ್ನು ಕರೆದುಕೊಂಡು ಕ್ಯಾಂಟೀನಿಗೆ ಬಂದು, “ಎಂಥಾ ಧೈರ್ಯ ತಾಯಿ ನಿಮ್ಮದು!” ಎಂದು ಶುರು ಮಾಡಿದ. ಗಂಟಲಕ್ಕ ಎಂಜಲು ತಟ್ಟೆ ಕೈಯಲ್ಲಿ ಹಿಡಿದೇ ಹೇಳಿದಳು.

“ಧೈರ್ಯ ಅಲ್ಲ ಕಣಯ್ಯಾ, ಬಾಯಿ ಜಾರಿತು. ನನಗೆ ಧೈರ್ಯ ಬೇಕಾಗಿರಲಿಲ್ಲ, ಕೋಣೆ ಬೇಕಾಗಿತ್ತು. ನಿನ್ನ ಮನೇಲಿ ಕೊಡ್ತೀಯಾ?”

ಅವನು ಕ್ಯಾಮೆರಾ ಮುಚ್ಚಿಸಿದ.

ಇದನ್ನು ಅವಳು ನನಗೂ ಹೇಳಿದ್ದಾಳೆ, ಎಷ್ಟೋ ಸಲ. ಬೇಕೆಂದೇ ಮಾಡಿದಳು ಎಂದು ಹೊಗಳುವವರನ್ನು ಕಂಡರೆ ಅವಳಿಗೆ ಧಣಿಗಿಂತ ಹೆಚ್ಚು ಸಿಟ್ಟು. “ನನ್ನ ತಪ್ಪನ್ನೂ ನನಗೆ ಬಿಡಲ್ವಲ್ಲೋ ಇವರು!” ಮಗಳು ಒಂದು ವಾರ ತಾಯಿಯ ಜೊತೆ ಮಾತಾಡಲಿಲ್ಲ. ಮಾತಾಡಿದ ದಿನ ಕೇಳಿದ್ದು ಒಂದೇ. “ಇನ್ನೊಂದು ಸುತ್ತು ತಡ್ಕೊಳ್ಳೋಕೆ ಆಗಲಿಲ್ವಾ ಅಮ್ಮ?”

ಧಣಿ ಗೆದ್ದ. ವಿಡಿಯೋ ನೋಡಿ ನಕ್ಕವರೇ ಅವನಿಗೆ ಓಟು ಹಾಕಿದರು. ನಮ್ಮ ಪಕ್ಷ ಗಂಟಲಕ್ಕನನ್ನು ಹೊರಗೆ ಹಾಕಿತು. ನೋಟಿಸು ತಂದುಕೊಟ್ಟ ಕುರ್ಚಿಯನ್ನು ಅವಳು ಬೀಗದ ಕೈ ಎಲ್ಲಿ ಎಂದು ಕೇಳಿದಳು. “ಕೈಗೆ ಬಂದಿದ್ದನ್ನ ನೀನೇ ಒದ್ದೆಯಲ್ಲಕ್ಕಾ,” ಅಂದ. ‘ನೀವು’ ಹೋಗಿ ಮತ್ತೆ ‘ನೀನು’ ಆಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಬರೀ ಬೇಸರವಾಗುತ್ತಿತ್ತು. ಗೆದ್ದ ಮೇಲೆ ಒಂದು ಮಧ್ಯಾಹ್ನ ನೀಲಿ ಬಾಗಿಲು ತೆರೆದರು. ವಿಡಿಯೋದ ಕಲೆ ತೊಳೆಯಬೇಕಿತ್ತಲ್ಲ. ಪೆಟ್ಟಿಗೆಗಳನ್ನು ಒಂದು ಕಡೆ ಒಟ್ಟಿ, ಮುಂದೆ ಪರದೆ ಬಿಟ್ಟು, ಎರಡು ತೊಟ್ಟಿಲು ನೇತುಹಾಕಿದರು. ಸೂಪರ್‌ವೈಸರನ ಅಣ್ಣನ ಮಗುವನ್ನು, ಪೌಡರು ಬಳಿದು ಗುಂಡಗೆ ಇದ್ದದ್ದನ್ನು, ತಂದು ಮಲಗಿಸಿದರು. ಧಣಿ ತೊಟ್ಟಿಲು ತೂಗುವ ಫೋಟೋ ಪತ್ರಿಕೆಗಳಲ್ಲಿ ಬಂತು. ಗಂಟಲಕ್ಕನ ಮಗಳು ಕಾರಿಡಾರಿನಲ್ಲಿ, ಒದ್ದೆ ಅಂಗಿಯ ಮೇಲೆ ಕೈ ಅಡ್ಡ ಹಿಡಿದು ನಿಂತು ಅದನ್ನು ನೋಡಿದಳು. ಸಂಜೆಯ ಹೊತ್ತಿಗೆ ತೊಟ್ಟಿಲು ಬಿಚ್ಚಿದರು. ಬೀಗ ಹಾಕಿದರು. ಚುನಾವಣೆ ಮುಗಿದರೂ ಗೇಟಿನ ಚೀಟಿ ಹಾಗೇ ಇದೆ. ಕೂಸಿನ ಭೇದಿ ಬಿಟ್ಟು ಬಿಟ್ಟು ಬರುತ್ತದೆ. ಮಗಳು ಇನ್ನೂ ಕಾಲರ್ ಹೊಲಿಯುತ್ತಿದ್ದಾಳೆ.

ಈಗ ಪ್ರತಿ ಮಧ್ಯಾಹ್ನ, ಊಟದ ಗಂಟೆ ಹೊಡೆದಾಗ, ಗಂಟಲಕ್ಕ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, ಆ ಚೀಟಿಯನ್ನು ಲೆಕ್ಕಿಸದೆ ಗೇಟಿನ ಮುಂದೆ ನಿಲ್ಲುತ್ತಾಳೆ. ಸೊಂಟಕ್ಕೆ ಯಾವ ಪಕ್ಷದ ಟವೆಲೂ ಇಲ್ಲ. ಪೂರ್ತಿ ಗಂಟಲಲ್ಲಿ ಕೇಳುತ್ತಾಳೆ, “ಬೀಗ ಹಾಕಿದ್ದು ಯಾರು?” ಈಗ ಬಾಯಿ ಜಾರಿ ಅಲ್ಲ. ಕೇಳಿ, ಉತ್ತರಕ್ಕೆ ಬೇಕಾದಷ್ಟು ಹೊತ್ತು ಬಿಡುತ್ತಾಳೆ. ಒಳಗಿನಿಂದ ಉತ್ತರ ಬರುವುದಿಲ್ಲ. ಕಿಟಕಿ ಕಿಟಕಿಯಲ್ಲೂ ಸೂಪರ್‌ವೈಸರುಗಳು, ಕೈಯಲ್ಲಿ ಹಾಜರಿ ಪಟ್ಟಿ. ಬಾಯಿ ಬಿಟ್ಟವಳ ಅನ್ನ ಹೋಗುತ್ತದೆ, ಅವರನ್ನು ಬೈಯುವ ಯೋಗ್ಯತೆ ಯಾರಿಗೂ ಇಲ್ಲ. ಕೈಯಿಂದ ಅಂಟಿನ ವಾಸನೆ ಹೋಗದ ನಾವು ನಾಲ್ಕೈದು ಜನ ಅವಳ ಹಿಂದೆ ನಿಲ್ಲುತ್ತೇವೆ. ನಾಲ್ಕೈದು ಮುದಿ ಗಂಟಲು ಗೇಟು ದಾಟುವುದಿಲ್ಲ.

ಇದನ್ನು ಓದಿ ನೀವು ಅಯ್ಯೋ ಪಾಪ ಅನ್ನುತ್ತೀರಿ. ಆ ಅಯ್ಯೋ ಪಾಪ ನಿಮ್ಮ ಹತ್ತಿರವೇ ಇರಲಿ, ಅದರಿಂದ ಯಾವ ಬೀಗವೂ ತೆರೆಯುವುದಿಲ್ಲ. ಆ ವಿಡಿಯೋ ನೀವೂ ನೋಡಿದ್ದೀರಿ. ನಕ್ಕು ಇನ್ನೊಬ್ಬರಿಗೆ ಕಳಿಸಿದ್ದೀರಿ. ನಾಳೆ ಊಟದ ಗಂಟೆಗೆ ಗೇಟಿಗೆ ಬನ್ನಿ. ಬಾವುಟ ತರಬೇಡಿ, ಫೋನು ಎತ್ತಿ ಹಿಡಿಯಬೇಡಿ. ಅವಳು ಕೇಳುತ್ತಾಳೆ. ಉತ್ತರ ನಿಮಗೆ ಗೊತ್ತಿದೆ. ಬಾಯಿ ಬಿಟ್ಟು ಹೇಳಿ. ಎರಡು ಸಲ ಹೇಳಿ, ಒಂದು ಸಲ ಹೇಳಿದ್ದು ಗದ್ದಲದಲ್ಲಿ ಮುಳುಗುತ್ತದೆ.